ಸೀಸದ ತಗಡಿಗೂ ಪಾಲುಪಟ್ಟಿ

ಮಿರಜ ಜಂಕ್ಷನ್

ನಮ್ಮ ಚಳ್ಳಕೆರೆಯ ಮಹಿಳಾ ಸಮಾಜದಲ್ಲಿ ಕಾಶಿಗೆ ಹೋಗಿಬಂದವರಿದ್ದಾರೆ. ಒಬ್ಬರು ಹಡಗು ಹತ್ತಿ ಸಿಂಹಳಕ್ಕೂ ಹೋಗಿಬಂದಿದ್ದಾರೆ. ಅವರೆಲ್ಲ ತಮ್ಮ ತಮ್ಮ ಪ್ರವಾಸ ಹೇಳಿ ಮುಗಿಸಿದ ಮೇಲೆ, "ಸರೋಜಮ್ಮ, ನೀವೂ ಪರರಾಜ್ಯ ನೋಡಿ ಬಂದಿರಲ್ಲ, ಬರೆದು ಓದಿ" ಎಂದರು. ನಾನು ಹೋದದ್ದು ಮಿರಜಕ್ಕೆ, ಸಾಂಗಲಿಗೆ. ನೋಡಿದ್ದು ಒಂದು ಮನೆಯ ಮಾಡನ್ನು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಗುಡಿ, ಕೋಟೆ, ಹೊಳೆಯ ಘಾಟು ಇವುಗಳ ವರ್ಣನೆ ಬೇಕಾದವರು ಸಿಂಹಳದವರನ್ನೇ ಕೇಳಿಕೊಳ್ಳಿ.

ನಮ್ಮಕ್ಕ ಗೌರಕ್ಕನನ್ನು ಸಾಂಗಲಿಯ ಅರಿಷಿಣ ವ್ಯಾಪಾರಿಗಳ ಮನೆಗೆ ಕೊಟ್ಟು ಮೂವತ್ತು ವರ್ಷವಾಯಿತು. ಅವರೂ ನಮ್ಮಂತೆ ವಿಭೂತಿ ಹಚ್ಚುವವರೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಕ್ಕನ ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಬಲಗಣ್ಣಿಗೂ ಪೊರೆ ಬಂದು ಮಿರಜದಲ್ಲಿ ಆಪರೇಷನ್ ಮಾಡಿಸಿದ್ದರು. ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ, ನೋಡಿಕೊಳ್ಳಲು ಬಾ ಎಂದು ಸುದ್ದಿ ಬಂತು. ನಾನು ಶಾಲೆಗೆ ರಜೆ ಹಾಕಿ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದೆ.

ಹುಬ್ಬಳ್ಳಿ ದಾಟಿದ ಮೇಲೆ ಡಬ್ಬಿಯಲ್ಲಿ ಯಾರೂ ನಿಮ್ಮ ಹೆಸರು ಕೇಳುವುದಿಲ್ಲ, ರೋಗ ಕೇಳುತ್ತಾರೆ. ಅರ್ಧ ಡಬ್ಬಿ ಮಿರಜದ ದವಾಖಾನೆಗೇ ಹೊರಟಿರುತ್ತದೆ. ಎದುರು ಕೂತ ಹೆಂಗಸು ನನಗೆ ಅರ್ಧ ರೊಟ್ಟಿ, ಒಂದು ಹಸಿಮೆಣಸಿನಕಾಯಿ ಕೊಟ್ಟು, "ನಿಮಗೇನ ಜಡ್ಡರಿ?" ಎಂದಳು. ಏನೂ ಇಲ್ಲ ಎಂದದ್ದಕ್ಕೆ ಬೇಜಾರು ಮಾಡಿಕೊಂಡು ಆ ಕಡೆ ತಿರುಗಿದಳು. ಮಿರಜ ಸ್ಟೇಷನ್ನಿನ ಹೊರಗೆ ಟಾಂಗಾದವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೊಟ್ಟೀದೋ ಕಣ್ಣಿಂದೋ?" ಎಂದ. ಯಾವ ದವಾಖಾನೆಗೆ ಬಿಡಬೇಕೆಂದು ಅವನಿಗೆ ತಿಳಿಯಬೇಕಾಗಿತ್ತು.

"ನನಗೇನೂ ಆಗಿಲ್ಲಪ್ಪ."

"ಮೊದಲ ಎಲ್ಲಾರೂ ಹಂಗ ಅಂತಾರ್ರಿ. ಹತ್ರಿ, ಹತ್ರಿ."

ಅಕ್ಕ ಕಣ್ಣಿಗೆ ಕಟ್ಟು ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನನ್ನ ದನಿ ಕೇಳಿ ಕೈ ಚಾಚಿ, ನನ್ನ ಮೊಣಕೈಯಿಂದ ಭುಜದವರೆಗೆ ತಡವಿ, "ಸೊರಗೀದಿಯಲ್ಲ ಸರೋಜಾ" ಎಂದಳು. ಕಟ್ಟಿರುವಷ್ಟು ದಿನ ಅವಳು ಪೂರ್ತಿ ಕುರುಡಿ. ವಿಜಾಪುರದ ಕಡೆಯ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಬಗ್ಗಬಾರದು, ಭಾರ ಎತ್ತಬಾರದು. ಸುಮ್ಮನ ಅಂಗಾತ ಮಲಗಬೇಕು. ಕಟ್ಟಿನ ಮ್ಯಾಲ ಒಂದ ಹನಿ ನೀರ ಬೀಳಬಾರದ್ರಿ. ಕೀವು ಆತಂದ್ರ ಆ ಕಣ್ಣೂ ಹೋತು. ಇನ್ನೊಂದಂತೂ ಮೊದಲ ಇಲ್ಲ." ಹೊರಗೆ ಮಳೆ ಹೊಯ್ಯುತ್ತಿತ್ತು. ಮನೆಗೆ ಹೋದರೆ ಮಳೆಗೇನು ಹೆದರಿಕೆ ಎಂದುಕೊಂಡೆ.

ಸಾಂಗಲಿಯ ರಸ್ತೆ

ಭಾವ ಮಹಾದೇವಪ್ಪ ಸಂಘದ ಜೀಪು ತಂದಿದ್ದರು. ಅವರು ಒಂದು ಸಹಕಾರಿ ಸಂಘದ ಡೈರೆಕ್ಟರು. ಬಿಳಿ ಟೋಪಿ, ಗಂಜಿ ಹಾಕಿದ ಖಾದಿ. ದಾರಿಯುದ್ದಕ್ಕೂ ಎಡಕ್ಕೆ ಬಲಕ್ಕೆ ಕೈ ತೋರಿಸಿದರು. ಅದು ಸಹಕಾರಿ ನೂಲಿನ ಗಿರಣಿ, ಇದು ಸಹಕಾರಿ ಹಾಲಿನ ಡೇರಿ, ಆ ಹೊಗೆ ಸಹಕಾರಿ ಸಕ್ಕರೆ ಕಾರಖಾನೆಯದು. ನಿಜಕ್ಕೂ ನೋಡುವಂಥದ್ದೇ. ನಮ್ಮ ಕಡೆ ನಾಲ್ಕು ಜನ ಸೇರಿದರೆ ಇಸ್ಪೀಟು, ಇಲ್ಲಿ ಕಾರಖಾನೆ. ನಾನು ಮೆಚ್ಚಿಕೊಂಡೇ ಕೇಳಿದೆ.

"ಕೂಡಿದ್ರ ಉದ್ಧಾರ ಬಾಯಿ, ಒಡದ್ರ ಹಾಳು" ಎಂದರು ಭಾವ. ಅಲ್ಲಿ ಮೇಷ್ಟರಮ್ಮನನ್ನು ಬಾಯಿ ಎನ್ನುತ್ತಾರೆ. ಹಿಂದಿನ ಸೀಟಿನಲ್ಲಿ ಅಕ್ಕ ಏನೋ ಗೊಣಗಿದಳು. ಜೀಪಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಮನೆ ಅರಿಷಿಣದ ಪೇಟೆಯ ಓಣಿಯಲ್ಲಿದೆ. ಓಣಿಯೆಲ್ಲ ಘಮಘಮ, ಹಮಾಲರ ಬೆನ್ನು, ಕಿವಿ, ಹುಬ್ಬು ಎಲ್ಲ ಹಳದಿ. ಮುಂದೆ ತಕ್ಕಡಿಯ ಪಡಸಾಲೆ, ಹಿಂದೆ ಅಡಿಗೆಮನೆ, ನಡುವೆ ಒಂದು ದೊಡ್ಡ ಕೋಣೆ. ಅಕ್ಕನನ್ನು ಮೆಲ್ಲಗೆ ನಡೆಸಿಕೊಂಡು ಆ ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ.

ಕೋಣೆಯ ಒಂದು ಬದಿಗೆ ಅರಿಷಿಣದ ಚೀಲಗಳು ಸೂರು ಮುಟ್ಟುವ ಹಾಗೆ ಪೇರಿಸಿದ್ದವು, ಮಳೆ ತಾಗದಂತೆ ಮೇಲೊಂದು ತಾಡಪತ್ರಿ. ಇನ್ನೊಂದು ಬದಿಗೆ ಎತ್ತರದ ಗೋಡೆ, ಆ ಗೋಡೆಗೆ ತಾಗಿ ಅಕ್ಕನ ಮಂಚ. ಗೋಡೆಯ ಮೇಲಿಂದ ನೀರು ಇಳಿದು ಹಸಿರುಗಟ್ಟಿತ್ತು. ಮಾಡು ಗೋಡೆಗೆ ತಾಗುವ ಕಡೆ ಉದ್ದಕ್ಕೂ ಹನಿ. ಕೆಳಗೆ ಬಕೆಟ್ಟು, ಕೊಳಗ, ಹಿತ್ತಾಳೆಯ ಬೋಗುಣಿ. ಮಂಚದ ತಲೆದೆಸೆಯ ಕಾಲಿಗೆ ಹಗ್ಗದಿಂದ ಒಂದು ಛತ್ರಿ ಬಿಗಿದಿದ್ದರು. ಬಿಚ್ಚಿದ ಛತ್ರಿ. ಕಣ್ಣಿನ ಆಪರೇಷನ್ ಆದವಳು ಮನೆಯೊಳಗೆ ಛತ್ರಿಯ ಕೆಳಗೆ ಮಲಗಬೇಕಂತೆ.

"ಏನು ಭಾವ ಇದು? ಚೀಲಕ್ಕೆ ಒಣ ಜಾಗ, ಅಕ್ಕನಿಗೆ ಬಕೆಟ್ಟಾ?"

"ಅರಿಷಿಣಾ ಹಸೀ ಆದ್ರ ಹುಳಾ ಹಿಡೀತೈತಿ ಬಾಯಿ. ಮಾಲು ನಂದಲ್ಲ, ಕಸಬೆ ಡಿಗ್ರಜದ ರೈತರದು. ನಂಬಿಕಿ ಮ್ಯಾಲ ಇಟ್ಟಾರ. ಗುದಾಮಿನಾಗ ಇರುವಿ ಹೋಗಾಕ ಜಾಗಾ ಇಲ್ಲ." ಅವರು ಛತ್ರಿಯ ಹಗ್ಗ ಎಳೆದು ನೋಡಿದರು. "ಗಟ್ಟಿ ಕಟ್ಟೇನಿ. ಹನಿ ಬೀಳೂದಿಲ್ಲ."

ರೈತರ ನಂಬಿಕೆ ದೊಡ್ಡದು, ಒಪ್ಪುತ್ತೇನೆ. ಕೈಹಿಡಿದವಳ ನಂಬಿಕೆ ಏನಾಗಬೇಕು? ನಾನು ಸೆರಗು ಸಿಕ್ಕಿಸಿ ಒಂದು ಚೀಲಕ್ಕೆ ಕೈ ಹಾಕಿದೆ. ಅದು ಅಲುಗಲಿಲ್ಲ. ಮಂಚ ಎಳೆದು ನಡುವಿಗೆ ತಂದೆ. ನೀರು ಜಂತಿಗುಂಟ ಹರಿದುಬಂದು ಅಲ್ಲೂ ತೊಟ್ಟಿಕ್ಕಿತು. ಅಕ್ಕ ಮಾತ್ರ, "ಇರ್ಲಿ ಬಿಡ ಸರೋಜಾ, ಈಗ ಬಂದೀದಿ, ಚಾ ಕುಡಿ" ಎಂದಳು. ಅವಳು ಯಾವಾಗಲೂ ಹೀಗೆಯೇ. ಸಿಟ್ಟನ್ನೆಲ್ಲ ಅಪ್ಪ ನನಗೊಬ್ಬಳಿಗೇ ಕೊಟ್ಟುಹೋದರು.

ಪಕ್ಕದ ಮನೆಯ ಕಿಟಕಿ

ಮಾಡು ಯಾಕೆ ಸೋರುತ್ತದೆ ಎಂದರೆ ಭಾವ, "ನನ್ನ ಮಾಡು ಸೋರೂದಿಲ್ಲ" ಎಂದರು. ತಲೆಯ ಮೇಲೆ ಹನಿ ಬೀಳುತ್ತಿರುವಾಗ ಹಾಗೆನ್ನುತ್ತಾರೆ! ಎತ್ತರದ ಗೋಡೆ ಅವರ ತಮ್ಮ ಬಾಳಾಸಾಹೇಬನದು. ಒಂದೇ ವಾಡೆ, ಪಾಲಾಗಿ ಎರಡು ಮನೆ. ಮಹಡಿಯಿರುವ ಅರ್ಧ ತಮ್ಮನಿಗೆ, ತಗ್ಗಿನ ಹಂಚಿನ ಅರ್ಧ ಅಣ್ಣನಿಗೆ. ಗಂಡಸರು ಮಾತು ಬಿಟ್ಟು ಎಷ್ಟೋ ವರ್ಷ. ಹೆಂಗಸರು ಹಿತ್ತಿಲ ಬಾವಿಯ ಹತ್ತಿರ ಮಾತಾಡುತ್ತಾರೆ, ಗಂಡಸರಿಗೆ ಅದು ಗೊತ್ತಿದ್ದೂ ಗೊತ್ತಿಲ್ಲ.

ಮರುದಿನ ನಾನು ಆ ಮನೆಗೆ ಹೋದೆ. ಬಾಳಾಸಾಹೇಬನ ಹೆಂಡತಿ ಸುಶೀಲಾ, "ಬರ್ರಿ ಅಕ್ಕಾರ, ಕುಂದ್ರಿ, ನಮ್ಮ ಅಕ್ಕನ ಕಣ್ಣ ಹ್ಯಾಂಗ ಐತ್ರಿ?" ಎಂದು ಕಣ್ಣೀರು ಹಾಕಿಕೊಂಡಳು. ಮಹಡಿಯ ಕಿಟಕಿಗೆ ಕರೆದುಕೊಂಡು ಹೋಗಿ ಕೆಳಗೆ ತೋರಿಸಿದಳು. ಅಲ್ಲಿ ನೋಡಿದ್ದನ್ನು ನಿಮಗೆ ಹೇಗೆ ಹೇಳಲಿ!

ನಮ್ಮ ಚಳ್ಳಕೆರೆ ಕಡೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮೊದಲು ಚೌಳು ಮಣ್ಣು ಹಾಕಿ ತುಳಿದರೆ ಮುಗಿಯಿತು. ಪಕ್ಕದವರ ಮಾಳಿಗೆಗೆ ಹಪ್ಪಳ ಒಣಹಾಕಲು ಹೋಗುತ್ತೇವೆ, ಅವರ ಕಡೆ ಬಿರುಕು ಕಂಡರೆ ನಮ್ಮ ಬುಟ್ಟಿಯ ಮಣ್ಣೇ ಹಾಕಿ ಬರುತ್ತೇವೆ. ಅಲ್ಲಿಯದು ಇಳಿಜಾರು ಹಂಚಿನ ಮಾಡು. ಹಂಚು ಎತ್ತರದ ಗೋಡೆಗೆ ತಾಗುವಲ್ಲಿ ಸಂದು ಉಳಿಯುತ್ತದೆ. ಆ ಸಂದಿಗೆ ಸೀಸದ ತಗಡು ಹೊದಿಸುತ್ತಾರೆ. ತಗಡಿನ ಮೇಲಂಚು ಗೋಡೆಯಲ್ಲಿ ಕೊರೆದ ಸೀಳಿನೊಳಗೆ ತೂರಿರುತ್ತದೆ, ಕೆಳಗಂಚು ಮಡಚಿ ಹಂಚಿನ ಮೇಲೆ ಹಾಸಿರುತ್ತದೆ. ಗೋಡೆಯಿಂದ ಇಳಿದ ನೀರು ತಗಡಿನ ಮೇಲೆ ಜಾರಿ ಹಂಚಿಗೆ ಹೋಗುತ್ತದೆ. ಅಷ್ಟೇ ಅದರ ಕೆಲಸ.

ಆ ತಗಡನ್ನು ಮಡಿಕೆಯ ಗುಂಟ ಉದ್ದಕ್ಕೂ ಕತ್ತರಿಸಿ ಎರಡು ಮಾಡಿದ್ದರು. ಗೋಡೆಯ ಮೇಲೊಂದು ಪಟ್ಟಿ, ಹಂಚಿನ ಮೇಲೊಂದು ಪಟ್ಟಿ. ನಡುವೆ ಬೆರಳು ಹೋಗುವಷ್ಟು ಬಿಟ್ಟ ಜಾಗ, ಅದರಲ್ಲಿ ಹುಲ್ಲು.

ಪಾಲು ಮಾಡಿದ ದಿನ ಪಂಚರು ಗೋಡೆ ತಮ್ಮನದು, ಹಂಚು ಅಣ್ಣನದು ಎಂದರಂತೆ. ತಗಡು ನನ್ನ ಗೋಡೆಯೊಳಗಿದೆ ಎಂದ ತಮ್ಮ. ನನ್ನ ಹಂಚಿನ ಮೇಲೆ ಮಲಗಿದೆ ಎಂದರು ಅಣ್ಣ. ನಾಲ್ಕು ಜನ ಹಿರಿಯರು ವೀಳ್ಯ ಹಾಕಿಕೊಂಡು ಯೋಚಿಸಿ, ಅರ್ಧ ಅರ್ಧ ಎಂದರು. ಸರಿ, ಮಿಸ್ತ್ರಿಯನ್ನು ಕರೆಸಿ ಕತ್ತರಿಸಿದರು. ಅಂದಿನಿಂದ ಪ್ರತಿ ಬೇಸಿಗೆ ತಮ್ಮ ತನ್ನ ಪಟ್ಟಿಗೆ ಸಿಮೆಂಟು ಮೆತ್ತಿಸುತ್ತಾನೆ, ಅಣ್ಣ ತನ್ನ ಪಟ್ಟಿಗೆ ಡಾಂಬರು ಬಳಿಸುತ್ತಾನೆ. ತನ್ನದು ಸೋರುವುದಿಲ್ಲ ಎಂದು ಇಬ್ಬರೂ ಆಣೆ ಮಾಡುತ್ತಾರೆ. ಇಬ್ಬರು ಹೇಳುವುದೂ ನಿಜ. ನೀರು ಬರುವುದು ಯಾರದೂ ಅಲ್ಲದ ಜಾಗದಿಂದ.

ಬುದ್ಧಿ ಇದ್ದವರು ಹೀಗೆ ಮಾಡುತ್ತಾರೆಯೇ? ಸೂರು ಹಂಚಿಕೊಂಡರು, ಸೋರುವುದನ್ನು ನಮ್ಮಕ್ಕನ ಪಾಲಿಗೆ ಹಾಕಿದರು. ಕಿಟಕಿಯಲ್ಲಿ ನಿಂತು ನಾನು ಬೈದ ಬೈಗಳನ್ನು ಇಲ್ಲಿ ಬರೆಯುವುದಿಲ್ಲ, ನಾನು ಮಕ್ಕಳಿಗೆ ಪಾಠ ಹೇಳುವವಳು.

ಮತ್ತೆ ಮಿರಜ

ಕತ್ತರಿಸಿದ ಮಿಸ್ತ್ರಿಯನ್ನು ಹುಡುಕಿಕೊಂಡು ಮಿರಜಕ್ಕೆ ಹೋದೆ. ದಸ್ತಗೀರ ಮಿಸ್ತ್ರಿಯ ಮನೆ ಸಿತಾರು ಮಾಡುವವರ ಓಣಿಯ ಹಿಂದೆ. ದಾರಿಯಲ್ಲಿ ಸೋರೆಬುರುಡೆಗಳನ್ನು ಸಾಲಾಗಿ ತೂಗುಹಾಕಿದ್ದರು. ಒಂದು ಬುರುಡೆಗೆ ಹಣೆ ಬಡಿಸಿಕೊಂಡೆ. ಅಂಗಡಿಯವನು ಎದ್ದು ಬಂದು ಬುರುಡೆ ಒಡೆದಿದೆಯೋ ಎಂದು ಮುಟ್ಟಿ ಮುಟ್ಟಿ ನೋಡಿದ, ನನ್ನ ಹಣೆ ನೋಡಲಿಲ್ಲ. ಆ ಸೀಮೆಯಲ್ಲಿ ಜನಕ್ಕಿಂತ ಮಾಲು ಮೊದಲು, ಅಷ್ಟು ಹೊತ್ತಿಗೆ ನನಗದು ಅಭ್ಯಾಸವಾಗಿತ್ತು.

ಮಿಸ್ತ್ರಿ ಹೊರಸಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಮಿರಜದ ಯಾವ ದೊಡ್ಡ ಬಂಗಲೆಯ ಮಾಡೂ ತನ್ನ ಕೈ ತಾಗದೆ ನಿಂತಿಲ್ಲ ಎಂದು ಮೊದಲು ಹೇಳಿಕೊಂಡ. ನಾನು ಆ ತಗಡಿನ ಮಾತೆತ್ತಿದೆ.

"ಕತ್ತರಿಸಿದ್ರೆ ನೀರು ಬರುತ್ತೆ ಅಂತ ನಿಮಗೆ ಗೊತ್ತಿರಲಿಲ್ಲವಾ?"

"ಗೊತ್ತಿತ್ರಿ. ಹೇಳಿದೆ. ಮೊದಲ ಚಾ ಕುಡಿ, ಆಮ್ಯಾಲ ಕತ್ತರಸು ಅಂದ್ರು. ಕುಡದೆ, ಕತ್ತರಸಿದೆ."

"ಈಗ ಬಂದು ಹೊಸ ತಗಡು ಹಾಕಿ."

"ಹಾಕ್ತೇನ್ರಿ. ಖರೆ, ಇಬ್ಬರೂ ಹೂಂ ಅನಬೇಕು. ನನ್ನ ಏಣಿ ಇವರ ಹಂಚಿನ ಮ್ಯಾಲ, ನನ್ನ ಉಳಿ ಅವರ ಗೋಡ್ಯಾಗ. ಒಬ್ಬಾಂವ ಹೂಂ ಅಂದು ಇನ್ನೊಬ್ಬಾಂವ ಊಹೂಂ ಅಂದ್ರ, ಕೋರ್ಟಿನ ಮೆಟ್ಟಲಾ ಹತ್ತಾಂವ ನಾನು."

ತಿರುಗಿ ಬಂದು ಭಾವನಿಗೆ ಹೇಳಿದೆ. "ಅವನ ಗೋಡಿ ಅಲಾ, ಅವನ ಬಂದು ಕೇಳ್ಲಿ" ಎಂದರು. ಬಾಳಾಸಾಹೇಬನಿಗೆ ಹೇಳಿದೆ. "ದಾದಾ ನನಗಿಂತ ಹಿರ್ಯಾ, ಒಂದ ಮಾತ ಹೇಳಿ ಕಳಸ್ಲಿ. ನಾ ಏನ ಒಲ್ಲೆ ಅಂದೇನೇನ್ರಿ?" ಎಂದ. ಭಾವನ ಹತ್ತಿರ ಮತ್ತೆ ಬಂದೆ. ಅವರು ಸಂಘದ ವಾರ್ಷಿಕ ಸಭೆಯ ಭಾಷಣ ಗಟ್ಟಿಮಾಡುತ್ತಿದ್ದರು.

"ಸಾವಿರ ಜನ ಕೂಡಿಸಿ ಕಾರಖಾನೆ ನಡೆಸುತ್ತೀರಲ್ಲ ಭಾವ, ಒಬ್ಬ ತಮ್ಮನ್ನ ಕೂಡಿಸಿಕೊಂಡು ಒಂದು ತಗಡು ಹಾಕಿಸೋಕೆ ಆಗಲ್ವಾ?"

"ಅದು ಬ್ಯಾರೆ, ಇದು ಬ್ಯಾರೆ" ಎಂದು ಭಾಷಣದ ಕಡೆ ತಿರುಗಿದರು. ಎರಡು ಬಾಗಿಲುಗಳ ನಡುವೆ ಒಂದು ಕಟ್ಟೆ ಅಡ್ಡ, ಅಷ್ಟೇ ದೂರ. ಚಳ್ಳಕೆರೆಯಿಂದ ಮಿರಜಕ್ಕೆ ಬಂದಾಗಲೂ ನಾನು ಇಷ್ಟು ದಣಿದಿರಲಿಲ್ಲ.

ಕಟ್ಟೆ ದಾಟಿದ್ದು

ಸಭೆಯ ದಿನ ಮಧ್ಯಾಹ್ನ ಗಾಳಿ ಮಳೆ ಒಟ್ಟಿಗೇ ಬಂದವು. ಕಿಟಕಿಯಿಂದ ನುಗ್ಗಿದ ಗಾಳಿಗೆ ಛತ್ರಿ ಮಗುಚಿಕೊಂಡಿತು. ಅದರ ಮೇಲೆ ಬೀಳುತ್ತಿದ್ದ ನೀರೆಲ್ಲ ಅಕ್ಕನ ಕೆನ್ನೆಗೆ, ಕುತ್ತಿಗೆಗೆ ಸುರಿಯಿತು. ನಾನು ಚೀರಿ ಓಡಿಬಂದು ಕಟ್ಟು ಮುಟ್ಟಿ ನೋಡಿದೆ. ಅಂಚಿನಲ್ಲಿ ತೇವ. ಒಳಗಿನ ಹತ್ತಿಗೆ ತಾಗಿತ್ತೋ ಇಲ್ಲವೋ ತಿಳಿಯಲಿಲ್ಲ.

ಭಾವ ಟೋಪಿ ಸರಿಮಾಡಿಕೊಳ್ಳುತ್ತ ಓಡಿಬಂದರು. ಬಂದವರು ನೇರ ಚೀಲಗಳ ಕಡೆ ಹೋಗಿ, ಗಾಳಿಗೆ ಎದ್ದಿದ್ದ ತಾಡಪತ್ರಿಯನ್ನು ಎಳೆದು ಹೊದಿಸಿದರು. ಪಟಪಟ ಸದ್ದಾಯಿತು. ಆಮೇಲೆ ಇತ್ತ ತಿರುಗಿ, "ಏನಾತು?" ಎಂದರು.

ಅಕ್ಕನಿಗೆ ಕಾಣುತ್ತಿರಲಿಲ್ಲ. ಆದರೆ ತಾಡಪತ್ರಿಯ ಸದ್ದು ಮೊದಲು ಬಂದದ್ದು, ತನ್ನನ್ನು ಕೇಳಿದ ಮಾತು ಆಮೇಲೆ ಬಂದದ್ದು ಅವಳಿಗೆ ಕೇಳಿಸಿತ್ತು. ಅವಳು ಎದ್ದು ಕೂತಳು.

"ಸರೋಜಾ, ನನ್ನ ಕೈ ಹಿಡಿ."

"ಏಳಬಾರದು ಅಕ್ಕಾ, ನರ್ಸಮ್ಮ ಹೇಳಿದ್ದಾರೆ."

"ಮಲಗಿದ್ರೂ ಹೋಗೂ ಕಣ್ಣ ಅದು. ನಡಿ."

ತಲೆಗೆ ಒಣ ಸೀರೆ ಹೊದಿಸಿದೆ. ಅವಳು ನನ್ನ ಹೆಗಲ ಮೇಲೆ ಕೈಯಿಟ್ಟಳು. ಪಡಸಾಲೆ ದಾಟಿದೆವು, ತಕ್ಕಡಿಯ ಹತ್ತಿರ ಕೂತ ಹಮಾಲರು ಎದ್ದು ನಿಂತರು. ಎರಡು ಮನೆಗೂ ಸೇರಿದ ಮುಂದಿನ ಕಟ್ಟೆಗೆ ಒಂದೇ ಸೂರು ಇತ್ತು, ಅದನ್ನು ಮಾತ್ರ ಕತ್ತರಿಸಿರಲಿಲ್ಲ. ಇಡೀ ಓಣಿ ನೋಡುತ್ತಿರುವಾಗ ಅಕ್ಕ ಕಾಲು ತಡವುತ್ತ ತಡವುತ್ತ ಮೈದುನನ ಬಾಗಿಲಿಗೆ ಬಂದಳು. ಹಿಂದಿನಿಂದ ಭಾವ, "ಗೌರಾ, ಎಲ್ಲಿಗೆ?" ಎಂದರು. ಅವಳು ತಿರುಗಲಿಲ್ಲ.

"ಬಾಳಾ" ಎಂದಳು. "ನನಗೊಂದ ಹಾಸಿಗಿ ಹಾಕು. ನಿಮ್ಮಲ್ಲಿ ಸೋರೂದಿಲ್ಲಂತ."

ಅವಳು ಮದುವೆಯಾಗಿ ಬಂದಾಗ ಬಾಳಾಸಾಹೇಬ ಚಡ್ಡಿ ಹಾಕುವ ಹುಡುಗ. ಇವಳ ಕೈತುತ್ತು ತಿಂದು ಬೆಳೆದವನು. ಅವನು ಹೊಸ್ತಿಲು ದಾಟಿ ಬಂದು, "ಬರ್ರಿ ವೈನಿ, ಮೆಟ್ಟಲಾ ಐತಿ, ಮೆಲ್ಲಕ" ಎಂದು ಅತ್ತಿಗೆಯ ಕೈ ಹಿಡಿದ. ಸುಶೀಲಾ ಅಳುತ್ತಲೇ ಹಾಸಿಗೆ ಹಾಸಿದಳು. ನಾನೂ ಅತ್ತೆ, ಬೈಯುತ್ತಲೇ ಅತ್ತೆ.

ಭಾವ ಸಭೆಗೆ ಹೋದರು. ಆದರೆ ಸುದ್ದಿ ಅವರಿಗಿಂತ ಮೊದಲು ಹೋಗಿತ್ತು. ಡೈರೆಕ್ಟರರ ಹೆಂಡತಿ ಕಣ್ಣು ಕಟ್ಟಿಕೊಂಡು ಪಾಲಾದ ತಮ್ಮನ ಮನೆ ಸೇರಿದಳಂತೆ ಎಂದು ಸಭೆಯಲ್ಲಿ ಪಿಸುಪಿಸು ಆಯಿತಂತೆ. ಭಾಷಣ ಮಾಡದೆ ತಿರುಗಿ ಬಂದು ತಮ್ಮನ ಬಾಗಿಲ ಹೊರಗೆ ನಿಂತರು.

"ಗೌರಾ, ಮನಿಗಿ ನಡಿ. ಮಂದಿ ನೋಡಾಕತ್ತಾರ."

ಒಳಗಿನಿಂದ ಅಕ್ಕ, "ಸೋರೂದು ನಿಂದರ್ಲಿ, ಬರ್ತೇನಿ" ಎಂದಳು. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ನಾನು ಇಷ್ಟು ದಿನ ಕೂಗಾಡಿ ಗಂಟಲು ಹರಿದುಕೊಂಡಿದ್ದೆನಲ್ಲ, ನನಗೇ ನಾಚಿಕೆಯಾಯಿತು.

ಮಾಡಿನ ಮೇಲೆ

ಮರುದಿನ ಬೆಳಿಗ್ಗೆ ಸಂಘದ ಜೀಪು ಮಿರಜಕ್ಕೆ ಹೋಗಿ ದಸ್ತಗೀರ ಮಿಸ್ತ್ರಿಯನ್ನು ತಂದಿತು. ಏಣಿ ಹಾಕುವ ಮೊದಲು ಮಿಸ್ತ್ರಿ ಇಬ್ಬರಿಂದಲೂ ಬೇರೆ ಬೇರೆಯಾಗಿ ಹೂಂ ಅನ್ನಿಸಿಕೊಂಡ. ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ ಕೆಲಸ. ಎರಡು ಪಟ್ಟಿಗಳನ್ನೂ ಕಿತ್ತು ಹುಲ್ಲು ತೆಗೆದ. ಹೊಸ ಸೀಸದ ತಗಡುಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಇಟ್ಟು, ಕಟ್ಟಿಗೆಯ ಕೊಡತಿಯಿಂದ ತಟ್ಟಿ ತಟ್ಟಿ ಕೂರಿಸಿದ. ಸೀಸ ನಾದಿದ ಹಿಟ್ಟಿನ ಹಾಗೆ ಹಂಚಿನ ಉಬ್ಬುತಗ್ಗಿಗೆಲ್ಲ ಒಗ್ಗಿ ಕೂತಿತು. ಮೇಲಂಚನ್ನು ಗೋಡೆಯ ಸೀಳಿಗೆ ತೂರಿಸಿ ಗಾರೆ ಮೆತ್ತಿದ.

ಅಣ್ಣ ಕೆಳಗೆ ಅಂಗಳದಲ್ಲಿ, ತಮ್ಮ ಮೇಲೆ ಕಿಟಕಿಯಲ್ಲಿ. ಇಬ್ಬರೂ ಮಿಸ್ತ್ರಿಯ ಜೊತೆಗೇ ಮಾತು. "ಗೋಡಿ ಭಾಳ ಕೊರೀಬ್ಯಾಡ" ಎಂದು ತಮ್ಮ. "ಹಂಚ ಒಡದ್ರ ನೋಡು" ಎಂದು ಅಣ್ಣ. ಮಿಸ್ತ್ರಿ ಇಬ್ಬರಿಗೂ ಹೂಂ ಎಂದು ತನ್ನ ಪಾಡಿಗೆ ತಟ್ಟುತ್ತಿದ್ದ. ಸಂಜೆ ಜೋರು ಮಳೆ ಬಂತು. ನಾನು ಅಕ್ಕನ ಕೋಣೆಗೆ ಹೋಗಿ ಗೋಡೆಯನ್ನು ಕೈಯಿಂದ ಸವರಿ ನೋಡಿದೆ. ಬಕೆಟ್ಟು ಖಾಲಿ ಇತ್ತು.

ಕಟ್ಟು ಬಿಚ್ಚಿದ ದಿನ

ಕಟ್ಟು ಬಿಚ್ಚಿದ ಮೇಲೆ ಕಣ್ಣಾರೆ ನೋಡಿಯೇ ಮನೆಗೆ ಬರುತ್ತೇನೆ ಎಂದು ಅಕ್ಕ ಮೈದುನನ ಮನೆಯಲ್ಲೇ ಉಳಿದಿದ್ದಳು. ಮಿರಜದಲ್ಲಿ ಕಟ್ಟು ಬಿಚ್ಚುವಾಗ ನಾನು ಹೊರಗೆ ಬೆಂಚಿನ ಮೇಲೆ ಕೂತು ನೂರೆಂಟು ದೇವರನ್ನು ನೆನೆದೆ. ಕೀವಾಗಿರಲಿಲ್ಲ. ಸದ್ಯಕ್ಕೆ ಇರಲಿ ಎಂದು ಸೀಸೆಯ ತಳದಂಥ ದಪ್ಪ ಗಾಜಿನ ಕನ್ನಡಕ ಕೊಟ್ಟರು. ಎಷ್ಟು ಕಾಣುತ್ತದೆ ಎಂದರೆ ಅಕ್ಕ ಕನ್ನಡಕ ಮೂಗಿಗೇರಿಸಿ, "ಮೊದಲ ಸಾಂಗಲಿಗೆ ನಡಿ" ಎಂದಳು.

ಬಾಳಾಸಾಹೇಬನ ಮನೆಗೆ ಬಂದವಳು, ಮಹಡಿಯ ಕಿಟಕಿಗೆ ಕರೆದುಕೊಂಡು ಹೋಗು, ಹೊಸ ತಗಡು ನೋಡಬೇಕು ಎಂದಳು. ಬಿಸಿಲಿಗೆ ತಗಡು ಮಿರಮಿರ ಮಿಂಚುತ್ತಿತ್ತು. ಬಾಗಬೇಡ ಎಂದು ನಾನು ಭುಜ ಹಿಡಿದುಕೊಂಡೆ.

"ಅದೇನ ಸರೋಜಾ, ನಟ್ಟನಡುವ ಗೆರಿ?"

ನನಗೆ ಯಾವ ಗೆರೆಯೂ ಕಂಡಿರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ. ಹೌದು, ತಗಡಿನ ಮಡಿಕೆಯ ಗುಂಟ, ಉದ್ದಕ್ಕೂ, ಕೂದಲೆಳೆಯಂಥ ಒಂದು ಗೀರು. ಸುಶೀಲಾ ತಲೆ ತಗ್ಗಿಸಿದಳು. "ಮಿಸ್ತ್ರಿ ಮೊಳಿಯಿಂದ ಎಳದಾನ್ರಿ ಅಕ್ಕಾ. ಯಾರದು ಎಲ್ಲೀತನಕ ಅಂತ ಗುರ್ತಿಗೆ. ಎಳಿ ಅಂತ ಇಬ್ಬರೂ ಕೂಡೇ ಅಂದ್ರು."

ಇಷ್ಟು ವರ್ಷದಲ್ಲಿ ಅಣ್ಣ ತಮ್ಮ ಇಬ್ಬರೂ ಕೂಡಿ ಆಡಿದ ಮಾತು ಅದೊಂದೇ. ನನಗೆ ಅಕ್ಕನ ಕಣ್ಣು ಬಂತಲ್ಲ ಎಂದು ಕುಣಿಯಬೇಕೋ, ಆ ಗೀರು ನೋಡಿ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ನೀರಿಗೆ ಆ ಗೆರಿ ಕಾಣೂದಿಲ್ಲ" ಎಂದಳು ಅಕ್ಕ. "ನನಗ ಕಾಣತೈತಿ."

ನನ್ನ ಕೈ ಬಿಡಿಸಿಕೊಂಡು, ಗೋಡೆ ಹಿಡಿದು, ಒಬ್ಬಳೇ ಮೆಟ್ಟಿಲಿಳಿದಳು. ಕೆಳಗೆ ಬಾಗಿಲ ಹೊರಗೆ ಭಾವ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಸೋರೂದು ನಿಂತೈತಿ ಗೌರಾ" ಎಂದರು. "ಇನ್ನ ಮನಿಗಿ ನಡಿ."

ಅಕ್ಕ ಆ ದಪ್ಪ ಕನ್ನಡಕದಲ್ಲಿ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಬರ್ತೇನಿ" ಎಂದಳು. "ಮೊದಲ ಅರಿಷಿಣದ ಚೀಲ ಎಲ್ಲಾ ಆ ಗೆರಿ ಕೆಳಗ ಇಡಸ್ರಿ. ನನ್ನ ಮಂಚಾ ಚೀಲ ಇದ್ದ ಜಾಗಾದಾಗ ಹಾಕಸ್ರಿ."

ಭಾವ ಗೋಡೆ ನೋಡಿದರು, ಮಾಡು ನೋಡಿದರು, ಮೋಡ ನೋಡಿದರು. ಆಮೇಲೆ ಟೋಪಿ ಹಾಕಿಕೊಂಡು ಹಮಾಲರನ್ನು ಕರೆಯಲು ಹೋದರು.